ಗದ್ದೆಯ ಏರುತಗ್ಗಿನ ನಕ್ಷೆ: ಗಣಕಯಂತ್ರದಲ್ಲಿ ತಯಾರಿಸುವ ಕ್ರಮ ಮತ್ತು ರೈತರು ಪರೀಕ್ಷಿಸಬೇಕಾದ ಅಂಶಗಳು

ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿ ಸುತ್ತಿನ ನೀರಾವರಿ ಎರೆಭೂಮಿಯಲ್ಲಿ ಭತ್ತ ಬೆಳೆಯುವ ರೈತರಿಗೆ ಎರಡು ತೊಂದರೆಗಳು ಒಂದೇ ಗದ್ದೆಯಲ್ಲಿ ಕಾಣಿಸಿಕೊಳ್ಳುವುದುಂಟು. ಒಂದು ಮೂಲೆಯಲ್ಲಿ ನೀರು ನಿಂತು ಸಸಿ ಕೊಳೆಯುತ್ತದೆ. ಇನ್ನೊಂದು ಮೂಲೆಗೆ ನೀರು ಏರದೆ ಕಳೆ ಹೆಚ್ಚುತ್ತದೆ. ಬೇಸಿಗೆಯಲ್ಲಿ ಅಲ್ಲಿಯೇ ಬಿಳಿಯ ಉಪ್ಪು ಮೇಲಕ್ಕೇಳುತ್ತದೆ. ಎರಡಕ್ಕೂ ಮೂಲ ಕಾರಣ ಭೂಮಿಯ ಏರುತಗ್ಗು. ತಗ್ಗಿಗೆ ನೀರು ಮುಟ್ಟಿದ ಮೇಲೂ ಏರಿಗೆ ಮುಟ್ಟಿಸಬೇಕೆಂದು ನೀರು ಬಿಡುತ್ತಲೇ ಇದ್ದರೆ ಅಂತರ್ಜಲ ಮೇಲೆ ಬಂದು ಸವುಳು–ಜವುಳು ಹೆಚ್ಚುತ್ತದೆ.

ಕಾಲುವೆಯ ನೀರನ್ನು ಲೆಕ್ಕವಿಟ್ಟು ಬಳಸಬೇಕಾದ ಕಾಲವಿದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಕೊಚ್ಚಿ ಹೋದಾಗ, ಶೇಖರಿಸಿದ ನೀರು ಎಷ್ಟು ಬೇಗ ಕೈತಪ್ಪಬಹುದೆಂಬುದನ್ನು ಅಚ್ಚುಕಟ್ಟಿನ ರೈತರೆಲ್ಲರೂ ಕಂಡಿದ್ದಾರೆ. ಗದ್ದೆಯನ್ನು ಸಮ ಮಾಡಿದರೆ ಅದೇ ನೀರು ಹೆಚ್ಚು ಭೂಮಿಗೆ ಸಾಲುತ್ತದೆ. ಆದುದರಿಂದ ಲೇಸರ್ ಯಂತ್ರದಿಂದ ಭೂಮಿ ಮಟ್ಟ ಮಾಡಿಸುವವರು ಮತ್ತು ನೆಲದೊಳಗೆ ಬಸಿ ಕೊಳವೆ ಹಾಕಿಸುವವರು ಹೆಚ್ಚುತ್ತಿದ್ದಾರೆ. ಈ ಎರಡು ಕೆಲಸಗಳಿಗೂ ಮೊದಲು ಬೇಕಾದುದು ಏರುತಗ್ಗಿನ ನಕ್ಷೆ. ಇಂದು ಈ ನಕ್ಷೆಯನ್ನು ಗಣಕಯಂತ್ರದಲ್ಲಿ ಕ್ಯಾಡ್ ಎಂಬ ನಕ್ಷೆ ರಚನಾ ತಂತ್ರಾಂಶದ ನೆರವಿನಿಂದ ಬರೆಯುತ್ತಾರೆ.

ನಕ್ಷೆ ತಯಾರಿಸುವುದು ಅಳತೆಗಾರರ ಕೆಲಸವಾದರೂ ಅದರಂತೆ ಮಣ್ಣು ಕಡಿಯುವುದು ನಿಮ್ಮ ಹೊಲದಲ್ಲಿ. ತಪ್ಪು ನಕ್ಷೆಯಂತೆ ಒಮ್ಮೆ ಕಡಿದ ಮೇಲ್ಮಣ್ಣನ್ನು ಮತ್ತೆ ಮೊದಲಿನಂತೆ ಕೂಡಿಸಲು ಬರುವುದಿಲ್ಲ. ಆದುದರಿಂದ ನಕ್ಷೆ ಹೇಗೆ ತಯಾರಾಗುತ್ತದೆ, ಎಲ್ಲಿ ತಪ್ಪುತ್ತದೆ, ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅವಶ್ಯ.

ಕಂದಾಯದ ನಕ್ಷೆಯೇ ಸಾಲದೇ?

ನಿಮ್ಮ ಬಳಿ ಸರ್ವೆ ನಂಬರಿನ ನಕ್ಷೆ ಇರಬಹುದು. ಅದು ಗಡಿ ಮತ್ತು ವಿಸ್ತೀರ್ಣವನ್ನು ತಿಳಿಸುತ್ತದೆಯೇ ಹೊರತು ಎತ್ತರವನ್ನು ತಿಳಿಸುವುದಿಲ್ಲ. 1800ರಲ್ಲಿ ಬಳ್ಳಾರಿ ಸೀಮೆ ಕಂಪನಿ ಸರ್ಕಾರದ ಕೈಸೇರಿದ ಮೇಲೆ ಥಾಮಸ್ ಮನ್ರೋ ಮಾಡಿಸಿದ ಮೋಜಣಿಯ ಉದ್ದೇಶ ಕಂದಾಯ ನಿಗದಿಯೇ ಆಗಿತ್ತು. ಬಳ್ಳಾರಿಯು 1953ರವರೆಗೆ ಮದ್ರಾಸು ಪ್ರಾಂತ್ಯದಲ್ಲಿದ್ದ ಕಾರಣ ಇಲ್ಲಿನ ಲೆಕ್ಕ ಇಂದಿಗೂ ಎಕರೆ–ಸೆಂಟುಗಳಲ್ಲಿದೆ. ಹಳೆಯ ಕ್ಷೇತ್ರ ಅಳತೆ ಪುಸ್ತಕಗಳಲ್ಲಿ ಉದ್ದವನ್ನು ಲಿಂಕುಗಳಲ್ಲಿ ಬರೆದಿದ್ದಾರೆ.

ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಎತ್ತರದ ರೇಖೆಗಳು ಇವೆ. ಆದರೆ ಒಂದು ರೇಖೆಗೂ ಮತ್ತೊಂದಕ್ಕೂ ಇರುವ ಅಂತರ ಸಾಮಾನ್ಯವಾಗಿ 20 ಮೀಟರ್. ನಮಗೆ ಬೇಕಾದುದು 5ರಿಂದ 10 ಸೆಂಟಿಮೀಟರ್ ಅಂತರ. ಉಪಗ್ರಹದಿಂದ ಪಡೆದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ಎತ್ತರದ ಮಾಹಿತಿಯಲ್ಲಿಯೂ ಮೀಟರುಗಟ್ಟಲೆ ವ್ಯತ್ಯಾಸ ಇರಬಹುದು. ಅದನ್ನು ನಂಬಿ ಗದ್ದೆ ಮಟ್ಟ ಮಾಡಿಸಬಾರದು. ಹೊಲದಲ್ಲಿ ನಿಂತು ಅಳೆಯದೆ ಬೇರೆ ದಾರಿಯಿಲ್ಲ.

ಅಳತೆಗೆ ಸರಿಯಾದ ಕಾಲ ಮತ್ತು ಸ್ಥಿರ ಗುರುತು

ಕಟಾವು ಮುಗಿದು ಕೂಳೆ ತೆಗೆದ ಮೇಲೆ, ಉಳುವ ಮೊದಲು ಅಳತೆ ಮಾಡಿಸಬೇಕು. ಉಳುಮೆಯಾದ ಹೆಂಟೆಗಳ ಮೇಲೆ ಅಳತೆ ಕೋಲು ಇಟ್ಟರೆ ಎತ್ತರ ಸರಿಯಾಗಿ ಬರುವುದಿಲ್ಲ. ಬೇಸಿಗೆಯಲ್ಲಿ ಎರೆಭೂಮಿ ಬಿರಿಯುತ್ತದೆ. ಕೋಲಿನ ತುದಿ ಬಿರುಕಿನೊಳಗೆ ಇಳಿಯದಂತೆ ಅದರ ಕೆಳಗೆ ಒಂದು ತಗಡಿನ ಬಿಲ್ಲೆಯನ್ನು ಇಡಲು ಹೇಳಿರಿ.

ಎಲ್ಲ ಎತ್ತರಗಳನ್ನೂ ಒಂದು ಸ್ಥಿರ ಗುರುತಿನಿಂದ ಅಳೆಯುತ್ತಾರೆ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1633 ಅಡಿ ಎಂದು ನೀವು ಪತ್ರಿಕೆಗಳಲ್ಲಿ ಓದುತ್ತೀರಿ. ಅದು ಜಲಾಶಯದ ಆಳವಲ್ಲ, ಸಮುದ್ರ ಮಟ್ಟದಿಂದ ಇರುವ ಎತ್ತರ. ಗದ್ದೆಯ ಕೆಲಸಕ್ಕೆ ಸಮುದ್ರ ಮಟ್ಟದ ಲೆಕ್ಕ ಕಡ್ಡಾಯವಲ್ಲ. ಹತ್ತಿರದ ತೂಬಿನ ಕಲ್ಲುಕಟ್ಟೆಯ ಮೇಲೆ ಬಣ್ಣದ ಗುರುತು ಮಾಡಿ ಅದರ ಎತ್ತರ 100.00 ಮೀಟರ್ ಎಂದು ಇಟ್ಟುಕೊಂಡರೆ ಸಾಕು. ಈ ಗುರುತನ್ನು ಬದುವಿನ ಮೇಲಾಗಲಿ ಗದ್ದೆಯಲ್ಲಿ ಹೊಡೆದ ಗೂಟದ ಮೇಲಾಗಲಿ ಮಾಡಕೂಡದು. ಎರೆಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಗೂಟವೂ ಅದರೊಡನೆ ಏರಿಳಿಯುತ್ತದೆ.

ಅಳೆಯುವ ಉಪಕರಣಗಳು

1. *ಡಂಪಿ ಲೆವೆಲ್ ಅಥವಾ ಆಟೊ ಲೆವೆಲ್:* ಎತ್ತರವನ್ನು ಮಾತ್ರ ತಿಳಿಸುತ್ತದೆ. ಬಿಂದುಗಳ ಸ್ಥಾನವನ್ನು ಟೇಪು ಹಿಡಿದು ಚೌಕಗಳಾಗಿ ಗುರುತಿಸಬೇಕು. ಸಣ್ಣ ಗದ್ದೆಗೆ ಇಂದಿಗೂ ಯೋಗ್ಯ.

2. *ಟೋಟಲ್ ಸ್ಟೇಷನ್:* ದೂರ, ಕೋನ, ಎತ್ತರ ಮೂರನ್ನೂ ಒಟ್ಟಿಗೆ ಅಳೆದು ತನ್ನಲ್ಲಿಯೇ ಬರೆದುಕೊಳ್ಳುತ್ತದೆ. ಗದ್ದೆಯಷ್ಟು ದೂರದಲ್ಲಿ ಕೆಲವು ಮಿಲಿಮೀಟರುಗಳಷ್ಟು ನಿಖರ.

3. *ಉಪಗ್ರಹ ಆಧಾರಿತ ಆರ್.ಟಿ.ಕೆ. ಉಪಕರಣ:* ಕೆಲಸ ಬೇಗ ಸಾಗುತ್ತದೆ. ಎತ್ತರದಲ್ಲಿ ಸಾಮಾನ್ಯವಾಗಿ 2ರಿಂದ 3 ಸೆಂ.ಮೀ. ವ್ಯತ್ಯಾಸ ಬರಬಹುದು. ಇದು ಮೊದಲು ಕೊಡುವ ಎತ್ತರಕ್ಕೂ ಸಮುದ್ರ ಮಟ್ಟದ ಎತ್ತರಕ್ಕೂ ನಮ್ಮ ಭಾಗದಲ್ಲಿ ಹತ್ತಾರು ಮೀಟರುಗಳ ಅಂತರವಿದೆ. ಕಾಲುವೆಯ ದಾಖಲೆಯೊಡನೆ ಹೋಲಿಸುವವರು ಇದನ್ನು ಮರೆಯಬಾರದು.

4. *ಡ್ರೋನ್:* ದೊಡ್ಡ ಪ್ರದೇಶಕ್ಕೆ ಅನುಕೂಲ. ಆದರೆ ಚಿತ್ರದಿಂದ ಎತ್ತರ ತೆಗೆಯುವಾಗ ಕೂಳೆ, ಕಸ, ಜಾಲಿ ಗಿಡದ ತುದಿಯನ್ನೂ ನೆಲವೆಂದೇ ಎಣಿಸುವ ಸಂಭವವಿದೆ.

ಉಪಕರಣ ಯಾವುದೇ ಇರಲಿ, ಕೊನೆಯಲ್ಲಿ ದೊರೆಯುವುದು ಒಂದು ಪಟ್ಟಿ. ಅದರಲ್ಲಿ ಪ್ರತಿ ಬಿಂದುವಿಗೂ ಐದು ಅಂಶಗಳು ಇರುತ್ತವೆ: ಬಿಂದುವಿನ ಸಂಖ್ಯೆ, ಉತ್ತರ ದಿಕ್ಕಿನ ಅಳತೆ, ಪೂರ್ವ ದಿಕ್ಕಿನ ಅಳತೆ, ಎತ್ತರ, ಮತ್ತು ಆ ಬಿಂದು ಏನೆಂಬ ವಿವರ. ಕೊನೆಯ ವಿವರವನ್ನು ಅಳತೆಗಾರರು ಅವಸರದಲ್ಲಿ ಬಿಡುವುದುಂಟು. ಗದ್ದೆ, ಬದುವಿನ ನೆತ್ತಿ, ಬದುವಿನ ಬುಡ, ಹೊಲಗಾಲುವೆಯ ತಳ, ತೂಬು, ಬಸಿಗಾಲುವೆ ಎಂದು ಪ್ರತಿಯೊಂದಕ್ಕೂ ಹೆಸರು ಬರೆಯಿಸಿರಿ. ಹೆಸರಿಲ್ಲದ ಬಿಂದು ಗಣಕಯಂತ್ರಕ್ಕೆ ಬರೀ ಅಂಕಿ.

ಗಣಕಯಂತ್ರದಲ್ಲಿ ನಕ್ಷೆ ಮೂಡುವ ಬಗೆ

ಮೊದಲು ಈ ಪಟ್ಟಿಯನ್ನು ತಂತ್ರಾಂಶಕ್ಕೆ ಉಣಿಸುತ್ತಾರೆ. ಸಾಮಾನ್ಯ ಆಟೊಕ್ಯಾಡ್ ತಂತ್ರಾಂಶ ಗೆರೆ ಎಳೆಯಬಲ್ಲದು. ಏರುತಗ್ಗಿನ ಮೇಲ್ಮೈಯನ್ನು ತಾನಾಗಿ ಕಟ್ಟಲು ಸಿವಿಲ್ 3ಡಿಯಂತಹ ಮೋಜಣಿ ತಂತ್ರಾಂಶ ಬೇಕು. ಉಚಿತವಾಗಿ ದೊರೆಯುವ ಕ್ಯೂಜಿಐಎಸ್ ತಂತ್ರಾಂಶದಲ್ಲಿಯೂ ಈ ಕೆಲಸ ಮಾಡಬಹುದು.

ಎರಡನೆಯದಾಗಿ, ತಂತ್ರಾಂಶವು ಹತ್ತಿರದ ಮೂರು ಮೂರು ಬಿಂದುಗಳನ್ನು ಸೇರಿಸಿ ಹೊಲದ ತುಂಬ ತ್ರಿಕೋನಗಳ ಬಲೆಯನ್ನು ಹೆಣೆಯುತ್ತದೆ. ಮೂರನೆಯದಾಗಿ, ತ್ರಿಕೋನದ ಅಂಚುಗಳ ಮೇಲೆ ಒಂದೇ ಎತ್ತರದ ಸ್ಥಳಗಳನ್ನು ಲೆಕ್ಕ ಹಾಕಿ, ಅವುಗಳನ್ನು ಕೂಡಿಸಿ ಗೆರೆ ಎಳೆಯುತ್ತದೆ. ಇವೇ ಸಮಪಾತಳಿ ರೇಖೆಗಳು.

ಉದಾಹರಣೆಗೆ, 20 ಮೀಟರ್ ಅಂತರದ ಎರಡು ಬಿಂದುಗಳ ಎತ್ತರ 99.42 ಮತ್ತು 99.36 ಇದೆ ಎಂದುಕೊಳ್ಳಿ. ಇಳಿತ ಒಟ್ಟು 6 ಸೆಂ.ಮೀ. 99.40ರ ರೇಖೆ ಬರಬೇಕಾದರೆ 2 ಸೆಂ.ಮೀ. ಇಳಿಯಬೇಕು, ಅಂದರೆ ಮೂರನೆಯ ಒಂದು ಭಾಗ. ಆದುದರಿಂದ ಆ ರೇಖೆಯು ಮೊದಲ ಬಿಂದುವಿನಿಂದ ಸುಮಾರು 6.7 ಮೀಟರ್ ದೂರದಲ್ಲಿ ಹಾಯುತ್ತದೆ. ನಡುವೆ ನೆಲ ಒಂದೇ ಸಮನೆ ಇಳಿದಿದೆ ಎಂದು ಯಂತ್ರ ಊಹಿಸಿಕೊಂಡಿದೆ. ಅಲ್ಲಿ ಒಂದು ಗುಂಡಿ ಇದ್ದರೂ ಅದನ್ನು ಯಾರೂ ಅಳೆಯದಿದ್ದರೆ ಯಂತ್ರಕ್ಕೆ ತಿಳಿಯದು. ನಕ್ಷೆಯಲ್ಲಿ ಅಳೆದದ್ದು ಬಿಂದುಗಳು ಮಾತ್ರ, ಗೆರೆಗಳೆಲ್ಲವೂ ಊಹೆ. ರೈತರು ನೆನಪಿಡಬೇಕಾದ ಮುಖ್ಯ ಅಂಶವಿದು.

ಆದುದರಿಂದ 20 ಮೀಟರಿಗೆ ಒಂದರಂತೆ ಬಿಂದುಗಳನ್ನು ತೆಗೆದುಕೊಂಡರೂ ನಿಮಗೆ ಗೊತ್ತಿರುವ ಗುಂಡಿ, ದಿಬ್ಬ, ಮುಚ್ಚಿದ ಹಳೆಯ ಕಾಲುವೆ, ಬಣವೆ ಹಾಕಿದ್ದ ಜಾಗಗಳಲ್ಲಿ ಹೆಚ್ಚಿನ ಬಿಂದುಗಳನ್ನು ತೆಗೆಯಿಸಬೇಕು. ಅಳತೆಯ ದಿನ ರೈತನು ಹೊಲದಲ್ಲಿರಬೇಕು ಎನ್ನುವುದು ಇದಕ್ಕಾಗಿಯೇ.

ಒಂದು ಲೆಕ್ಕ

60 ಮೀಟರ್ ಉದ್ದ, 60 ಮೀಟರ್ ಅಗಲದ ಒಂದು ಗದ್ದೆಯನ್ನು ತೆಗೆದುಕೊಳ್ಳೋಣ. ಇದರ ವಿಸ್ತೀರ್ಣ 3,600 ಚದರ ಮೀಟರ್, ಅಂದರೆ ಸುಮಾರು 89 ಸೆಂಟು. ಇದನ್ನು 20 ಮೀಟರಿನ ಒಂಬತ್ತು ಚೌಕಗಳಾಗಿ ಮಾಡಿ, ಪ್ರತಿ ಚೌಕದ ನಡುವಿನ ಎತ್ತರವನ್ನು ಅಳೆದಾಗ ಪಶ್ಚಿಮದಿಂದ ಪೂರ್ವಕ್ಕೆ ಈ ರೀತಿ ಬಂದಿದೆ ಎಂದು ಭಾವಿಸಿ:

ಉತ್ತರದ ಸಾಲು: 99.42, 99.36, 99.30
ನಡುವಿನ ಸಾಲು: 99.38, 99.30, 99.24
ದಕ್ಷಿಣದ ಸಾಲು: 99.30, 99.22, 99.18

ಒಂಬತ್ತನ್ನೂ ಕೂಡಿಸಿ ಒಂಬತ್ತರಿಂದ ಭಾಗಿಸಿದರೆ ಸರಾಸರಿ 99.30. ಇದಕ್ಕಿಂತ ಮೇಲಿರುವಲ್ಲಿ ಕಡಿಯಬೇಕು, ಕೆಳಗಿರುವಲ್ಲಿ ತುಂಬಬೇಕು. ವಾಯವ್ಯ ಮೂಲೆಯಲ್ಲಿ 12 ಸೆಂ.ಮೀ. ಕಡಿತ, ಆಗ್ನೇಯ ಮೂಲೆಯಲ್ಲಿ 12 ಸೆಂ.ಮೀ. ಭರ್ತಿ. ಕಡಿತದ ಅಂಕಿಗಳನ್ನು ಕೂಡಿಸಿದರೆ 26 ಸೆಂ.ಮೀ. ಪ್ರತಿ ಚೌಕ 400 ಚದರ ಮೀಟರ್ ಇರುವುದರಿಂದ ಕಡಿಯಬೇಕಾದ ಮಣ್ಣು 104 ಘನ ಮೀಟರ್.

ತುಂಬಿದ ಸಡಿಲ ಮಣ್ಣು ಕುಸಿಯುವುದರಿಂದ ಕಡಿತವು ಭರ್ತಿಗಿಂತ ಸ್ವಲ್ಪ ಹೆಚ್ಚಿರಬೇಕು. ಮಟ್ಟವನ್ನು 99.29ಕ್ಕೆ ಇಳಿಸಿದರೆ ಕಡಿತ 128, ಭರ್ತಿ 92 ಘನ ಮೀಟರ್ ಆಗುತ್ತದೆ. ಒಂದೇ ಸೆಂಟಿಮೀಟರಿನಿಂದ ಕಡಿತವು 24 ಘನ ಮೀಟರ್ ಹೆಚ್ಚಿತು. ಯಂತ್ರದ ಬಾಡಿಗೆ ಗಂಟೆಯ ಲೆಕ್ಕದಲ್ಲಿರುವಾಗ ಈ ಅಂಕಿಯನ್ನು ಅಲಕ್ಷಿಸುವಂತಿಲ್ಲ. ಒಂದು ಎಕರೆ ಪೂರ್ತಿ 1 ಸೆಂ.ಮೀ. ಕಡಿದರೆ ಸುಮಾರು 40 ಘನ ಮೀಟರ್ ಮಣ್ಣು ಎಂಬುದನ್ನು ನೆನಪಿಟ್ಟುಕೊಂಡರೆ ಯಾವ ನಕ್ಷೆಯ ಲೆಕ್ಕವನ್ನಾದರೂ ಬಾಯಿಲೆಕ್ಕದಿಂದ ತಾಳೆ ನೋಡಬಹುದು.

ನಕ್ಷೆ ತಪ್ಪುವ ನಾಲ್ಕು ಸಂದರ್ಭಗಳು

*1. ಕೋಲಿನ ಎತ್ತರ:* ಬದುವಿನ ಆಚೆಗೆ ಕಾಣಲೆಂದು ಟೋಟಲ್ ಸ್ಟೇಷನ್ನಿನ ಕೋಲನ್ನು 1.30ರಿಂದ 1.50 ಮೀಟರಿಗೆ ಏರಿಸಿ, ಉಪಕರಣದಲ್ಲಿ 1.30 ಎಂದೇ ಬಿಟ್ಟರೆ ನೆಲವು 20 ಸೆಂ.ಮೀ. ಎತ್ತರವೆಂದು ದಾಖಲಾಗುತ್ತದೆ. ಮೇಲಿನ ಗದ್ದೆಯ ಆಗ್ನೇಯ ಮೂಲೆಯಲ್ಲಿ ಹೀಗಾದರೆ 99.18 ಇರುವುದು 99.38 ಆಗುತ್ತದೆ, ಸರಾಸರಿ 99.32ಕ್ಕೆ ಏರುತ್ತದೆ. ಆಗ ನಕ್ಷೆಯು ಅತಿ ತಗ್ಗಾದ ಆ ಮೂಲೆಯಲ್ಲಿ 6 ಸೆಂ.ಮೀ. *ಕಡಿಯಲು* ಹೇಳುತ್ತದೆ! ತಂತ್ರಾಂಶಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಪ್ರತಿ ವರ್ಷ ಅಲ್ಲಿಯೇ ನೀರು ನಿಲ್ಲುವುದನ್ನು ಕಂಡಿರುವ ರೈತನಿಗೆ ಮಾತ್ರ ಇದು ತಕ್ಷಣ ಹೊಳೆಯುತ್ತದೆ.

*2. ಬದುವಿನ ಬಿಂದುಗಳು:* ಬದು ಅರ್ಧ ಮೀಟರಿನಷ್ಟು ಅಗಲದ ಕಿರಿದಾದ ಏರು. ಅದರ ನೆತ್ತಿಯ ಮೇಲೆ ಒಂದು ಬಿಂದು ತೆಗೆದು, ಬುಡದಲ್ಲಿ ತೆಗೆಯದೆ ಬಿಟ್ಟರೆ, ಯಂತ್ರವು ಅದನ್ನು ಸುತ್ತಲಿನ ಗದ್ದೆಯ ಬಿಂದುಗಳಿಗೆ ಜೋಡಿಸಿ ಗುಡ್ಡವನ್ನೇ ಕಟ್ಟುತ್ತದೆ. 45 ಸೆಂ.ಮೀ. ಎತ್ತರದ ಬದುವಿನ ಒಂದು ಬಿಂದು ನಾಲ್ಕೂ ಕಡೆ 10 ಮೀಟರ್ ದೂರದ ಬಿಂದುಗಳಿಗೆ ಸೇರಿದರೆ, ಇಲ್ಲದ 30 ಘನ ಮೀಟರ್ ಮಣ್ಣು ಲೆಕ್ಕಕ್ಕೆ ಬರುತ್ತದೆ. ಬದುವಿನ ನೆತ್ತಿ, ಎರಡೂ ಬುಡಗಳು ಮತ್ತು ಕಾಲುವೆಯ ಅಂಚುಗಳನ್ನು ಗೆರೆಯಾಗಿ ಕೂಡಿಸಿ, ತ್ರಿಕೋನಗಳು ಆ ಗೆರೆಯನ್ನು ದಾಟದಂತೆ ತಂತ್ರಾಂಶದಲ್ಲಿ ಕಟ್ಟು ಹಾಕಬೇಕು. ಇದಕ್ಕೆ ಮುರಿತದ ರೇಖೆ ಎನ್ನಬಹುದು. ನಕ್ಷೆಗಾರರನ್ನು ಕೇಳಿ: "ಬದುಗಳಿಗೆ ಬ್ರೇಕ್‌ಲೈನ್ ಕೊಟ್ಟಿದ್ದೀರಾ?"

*3. ಮಾನಗಳ ಗೊಂದಲ:* ಹಳೆಯ ಸರ್ವೆ ನಕ್ಷೆಯ ಗಡಿಯನ್ನು ಹೊಸ ನಕ್ಷೆಯ ಮೇಲೆ ಕೂಡಿಸುವಾಗ ಲಿಂಕುಗಳನ್ನು ಮೀಟರಿಗೆ ತಿರುಗಿಸಬೇಕು. 66 ಅಡಿಯ ಸರಪಳಿಗೆ 100 ಲಿಂಕು. ಒಂದು ಲಿಂಕಿಗೆ 0.201168 ಮೀಟರ್. 1,000 ಚದರ ಲಿಂಕು ಒಂದು ಸೆಂಟು, 1,00,000 ಚದರ ಲಿಂಕು ಒಂದು ಎಕರೆ. ನಕ್ಷೆಯಲ್ಲಿ ಬಂದ ವಿಸ್ತೀರ್ಣವನ್ನು ನಿಮ್ಮ ಪಹಣಿಯ ವಿಸ್ತೀರ್ಣದೊಡನೆ ತಾಳೆ ನೋಡಿದರೆ ಈ ತಪ್ಪು ಹೊರಬೀಳುತ್ತದೆ.

*4. ಉತ್ತರ–ಪೂರ್ವ ಅದಲುಬದಲು:* ಪಟ್ಟಿಯನ್ನು ಉಣಿಸುವಾಗ ಎರಡು ಕಲಮುಗಳು ಅದಲುಬದಲಾದರೆ ನಕ್ಷೆಯು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ತೂಬು ಮತ್ತು ರಸ್ತೆ ಇರಬೇಕಾದ ದಿಕ್ಕಿನಲ್ಲಿವೆಯೇ ಎಂದು ನೋಡಿರಿ.

ನಕ್ಷೆಯನ್ನು ಓದುವ ಕ್ರಮ

ನಕ್ಷೆ ಕೈಗೆ ಬಂದಾಗ ಮೊದಲು ಅಂಚಿನ ವಿವರಗಳನ್ನು ನೋಡಿ: ಉತ್ತರ ದಿಕ್ಕು, ಪ್ರಮಾಣ, ರೇಖೆಗಳ ಅಂತರ, ಸ್ಥಿರ ಗುರುತಿನ ಸ್ಥಳ ಮತ್ತು ಎತ್ತರ, ಅಳತೆಯ ದಿನಾಂಕ. ಗದ್ದೆ ಕೆಲಸಕ್ಕೆ 1:500 ಅಥವಾ 1:1,000 ಪ್ರಮಾಣ ಅನುಕೂಲ. 1:500ರಲ್ಲಿ ನಕ್ಷೆಯ 1 ಸೆಂ.ಮೀ. ಹೊಲದಲ್ಲಿ 5 ಮೀಟರ್.

ನಂತರ ರೇಖೆಗಳನ್ನು ನೋಡಿ. ರೇಖೆಗಳು ಒತ್ತಾಗಿದ್ದಲ್ಲಿ ಇಳಿಜಾರು ಹೆಚ್ಚು, ದೂರವಿದ್ದಲ್ಲಿ ಸಪಾಟು. ಸುತ್ತಿ ಬಂದು ಮುಚ್ಚಿಕೊಂಡ ರೇಖೆಯ ಒಳಗೆ ಅಂಕಿ ಕಡಿಮೆ ಇದ್ದರೆ ಗುಂಡಿ, ಹೆಚ್ಚಿದ್ದರೆ ದಿಬ್ಬ. ಎರಡು ಬೇರೆ ಎತ್ತರದ ರೇಖೆಗಳು ಒಂದನ್ನೊಂದು ಕತ್ತರಿಸಿದ್ದರೆ ನಕ್ಷೆ ತಪ್ಪಿದೆ ಎಂದೇ ತಿಳಿಯಬೇಕು. ಅಳೆದ ಬಿಂದುಗಳ ಎತ್ತರಗಳನ್ನೂ ನಕ್ಷೆಯ ಮೇಲೆ ಮುದ್ರಿಸಿ ಕೊಡುವಂತೆ ಕೇಳಬೇಕು. ಬರಿಯ ಗೆರೆಗಳ ನಕ್ಷೆಯನ್ನು ಒಪ್ಪಬಾರದು.

ಇದಾದ ಮೇಲೆ ನಕ್ಷೆಯನ್ನು ಹಿಡಿದು ಹೊಲದಲ್ಲಿ ನಡೆಯಿರಿ. ಮಳೆ ನಿಂತ ಮೇಲೆ ಕೊನೆಗೆ ನೀರು ಆರುವ ಜಾಗ ನಕ್ಷೆಯಲ್ಲಿ ತಗ್ಗಾಗಿ ಕಾಣುತ್ತಿದೆಯೇ? ಬಿಳಿ ಉಪ್ಪು ಏಳುವ ಜಾಗ ದಿಬ್ಬವಾಗಿ ಕಾಣುತ್ತಿದೆಯೇ? ತೂಬಿನಿಂದ ನೀರು ಹರಿಯುವ ದಾರಿಯಲ್ಲಿ ಎತ್ತರಗಳು ಇಳಿಯುತ್ತಾ ಹೋಗಿವೆಯೇ? ನಕ್ಷೆಗೂ ನಿಮ್ಮ ಅನುಭವಕ್ಕೂ ತಾಳೆಯಾಗದ ಜಾಗಗಳನ್ನು ಗುರುತು ಮಾಡಿ, ಅಲ್ಲಿ ಮರು ಅಳತೆ ಮಾಡಿಸಬೇಕು. ಇದಲ್ಲದೆ ಮೊದಲು ಅಳೆಯದ ಐದು ಸ್ಥಳಗಳನ್ನು ನೀವೇ ತೋರಿಸಿ ಎತ್ತರ ತೆಗೆಯಿಸಿ. ಅದು ನಕ್ಷೆಯ ಎತ್ತರಕ್ಕಿಂತ 3 ಸೆಂ.ಮೀ.ಗಿಂತ ಹೆಚ್ಚು ಬೇರೆಯಾದರೆ ಇನ್ನಷ್ಟು ಬಿಂದುಗಳು ಬೇಕೆಂದು ಅರ್ಥ.

ಮಣ್ಣು ಕಡಿಯುವ ಮುನ್ನ

ಎರೆಭೂಮಿಯ ಕೆಳಮಣ್ಣಿನಲ್ಲಿ ಹಲವೆಡೆ ಸುಣ್ಣದ ಹರಳು ಮತ್ತು ಕರಲಿನ ಅಂಶ ಹೆಚ್ಚಿರುತ್ತದೆ. ನಕ್ಷೆಯಲ್ಲಿ 10 ಸೆಂ.ಮೀ.ಗಿಂತ ಹೆಚ್ಚು ಕಡಿತವಿರುವ ಜಾಗಗಳನ್ನು ಬಣ್ಣದಿಂದ ಗುರುತಿಸಿ, ಅಲ್ಲಿ ಕೆಳಮಣ್ಣನ್ನು ತೆಗೆದು ಪರೀಕ್ಷೆ ಮಾಡಿಸಿರಿ. ಕರಲು ಕಂಡುಬಂದರೆ ಗದ್ದೆಯನ್ನು ಒಂದೇ ಮಟ್ಟಕ್ಕೆ ತರುವ ಬದಲು, ಸಮಪಾತಳಿ ರೇಖೆಯ ಗುಂಟ ಬದು ಹಾಕಿ ಎರಡು ಮಡಿಗಳಾಗಿ ಮಾಡಿಕೊಳ್ಳುವುದು ಲೇಸು. ಆಗ ಕಡಿತದ ಆಳ ಕಡಿಮೆಯಾಗುತ್ತದೆ. ಆಳವಾಗಿ ಕಡಿಯಲೇಬೇಕಾದಲ್ಲಿ ಮೇಲ್ಮಣ್ಣನ್ನು ಬದಿಗೆ ಕೂಡಿಟ್ಟು ಕೊನೆಯಲ್ಲಿ ಹರಡಬೇಕು. ಕಡಿದ ಭಾಗಕ್ಕೆ ಹೆಚ್ಚಿನ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಮತ್ತು ಮಣ್ಣು ಪರೀಕ್ಷೆಯ ಶಿಫಾರಸಿನಂತೆ ಸತುವಿನ ಸಲ್ಫೇಟ್ ಒದಗಿಸಬೇಕು.

ಬಸಿ ಕೊಳವೆ ಹಾಕಿಸುವವರು ಇನ್ನೂ ಎಚ್ಚರಿಕೆಯಿಂದ ಇರಬೇಕು. ಕೊಳವೆಗೆ ಕೊಡುವ ಇಳಿಜಾರು 100 ಮೀಟರಿಗೆ 10 ಸೆಂ.ಮೀ.ನಷ್ಟು ಕಡಿಮೆ ಇರಬಹುದು. ಎತ್ತರದಲ್ಲಿ 10 ಸೆಂ.ಮೀ. ತಪ್ಪಿದರೆ ಆ ಇಳಿಜಾರೆಲ್ಲ ಮಾಯವಾಗಿ ಉಪ್ಪು ನೀರು ಕೊಳವೆಯಲ್ಲಿಯೇ ನಿಲ್ಲುತ್ತದೆ. ಆದುದರಿಂದ ಗದ್ದೆಯ ಎತ್ತರದ ಜೊತೆಗೆ ಬಸಿಗಾಲುವೆಯ ಅಥವಾ ಹಳ್ಳದ ತಳದ ಎತ್ತರವನ್ನೂ, ಮಳೆಗಾಲದಲ್ಲಿ ಅಲ್ಲಿ ನೀರು ಏರುವ ಮಟ್ಟವನ್ನೂ ಅದೇ ಸ್ಥಿರ ಗುರುತಿನಿಂದ ಅಳೆದು ನಕ್ಷೆಯಲ್ಲಿ ತೋರಿಸಿರಬೇಕು.

ಗಮನಿಸಬೇಕಾದ ಇತರ ಅಂಶಗಳು

ಅಳತೆ ಮುಗಿದ ಮೇಲೆ ಸ್ಥಿರ ಗುರುತನ್ನು ಮತ್ತೊಮ್ಮೆ ಅಳೆಯಿಸಿ. ಮೊದಲಿನ ಅಂಕಿಗೂ ಇದಕ್ಕೂ 1 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉಪಕರಣ ಅಲುಗಾಡಿದೆ ಎಂದು ತಿಳಿದು ಕೆಲಸವನ್ನು ಪುನಃ ಮಾಡಿಸಬೇಕು. ಮುದ್ರಿತ ನಕ್ಷೆಯ ಜೊತೆಗೆ ಬಿಂದುಗಳ ಪಟ್ಟಿಯನ್ನೂ ಕ್ಯಾಡ್ ಕಡತವನ್ನೂ ಪಡೆದುಕೊಳ್ಳಿ. ಮುಂದೆ ಬೇರೆಯವರಿಂದ ಕೆಲಸ ಮಾಡಿಸುವಾಗ ಮತ್ತೆ ಅಳತೆಯ ಖರ್ಚು ಉಳಿಯುತ್ತದೆ.

ಏರುತಗ್ಗಿನ ನಕ್ಷೆಯು ಗಡಿ ವ್ಯಾಜ್ಯಕ್ಕೆ ಆಧಾರವಾಗುವುದಿಲ್ಲ. ಹದ್ದುಬಸ್ತಿಗೆ ಭೂಮಾಪನ ಇಲಾಖೆಗೆ ಅರ್ಜಿ ಕೊಟ್ಟು ಮೋಜಣಿ ಮಾಡಿಸಬೇಕು. ನೆರೆಯ ಗದ್ದೆಗಳ ನೀರು ನಿಮ್ಮ ಗದ್ದೆಯ ಮೇಲೆ ಹಾಯುವಂತಿದ್ದರೆ, ಒಂದೇ ತೂಬಿನ ಕೆಳಗಿನ ರೈತರು ಕೂಡಿ ಒಂದೇ ನಕ್ಷೆ ಮಾಡಿಸುವುದು ಉತ್ತಮ. ಖರ್ಚು ಹಂಚಿಕೆಯಾಗುವುದಲ್ಲದೆ, ಬಸಿ ನೀರು ಹೊರಹೋಗುವ ದಾರಿಯೂ ಎಲ್ಲರಿಗೂ ಸ್ಪಷ್ಟವಾಗುತ್ತದೆ.

ಮುಂಗಾರಿನ ನೀರು ಕಾಲುವೆಗೆ ಬರುವ ಮೊದಲೇ ಅಳತೆ, ಪರೀಕ್ಷೆ ಮತ್ತು ಮಟ್ಟ ಮಾಡುವ ಕೆಲಸ ಮುಗಿಯುವಂತೆ ಬೇಸಿಗೆಯ ಆರಂಭದಲ್ಲಿಯೇ ಸಿದ್ಧತೆ ಮಾಡಿಕೊಳ್ಳಬೇಕು. ಹೆಚ್ಚಿನ ಮಾಹಿತಿಗಾಗಿ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ, ಹಗರಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಸವುಳು–ಜವುಳು ಭೂಮಿಯ ವಿಷಯದಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ತಜ್ಞರನ್ನು ಸಂಪರ್ಕಿಸಬಹುದು. ಹೋಗುವಾಗ ನಕ್ಷೆ, ಬಿಂದುಗಳ ಪಟ್ಟಿ ಮತ್ತು ಮಣ್ಣು ಪರೀಕ್ಷೆಯ ವರದಿಯನ್ನು ತಪ್ಪದೆ ಜೊತೆಗೆ ಒಯ್ಯಿರಿ.